ಸೊನ್ನೆಯೂ ಖಾಲಿ ಅಂಕಣವೂ ಒಂದೇ ಅಲ್ಲ: ದೇಶಗಳು ತಿಮಿಂಗಿಲದ ಲೆಕ್ಕ ಒಪ್ಪಿಸುವ ಬಗೆ

ಒಂದು ಫಾರಂ ಇದೆ ಅಂದುಕೊಳ್ಳಿ. ‘ಈ ವರ್ಷ ನಿಮ್ಮ ಕಡಲಿನಲ್ಲಿ ಹಡಗು ಬಡಿದು ಸತ್ತ ತಿಮಿಂಗಿಲಗಳೆಷ್ಟು?’ ಎಂದು ಅದರಲ್ಲಿ ಕೇಳಿದೆ. ಒಂದು ದೇಶ 0 ಎಂದು ಬರೆಯುತ್ತದೆ. ಪಕ್ಕದ ದೇಶ ಏನೂ ಬರೆಯದೆ ಖಾಲಿ ಬಿಡುತ್ತದೆ. ಮೇಲ್ನೋಟಕ್ಕೆ ಎರಡೂ ಒಂದೇ ಅನ್ನಿಸುತ್ತದೆ, ಅಲ್ವಾ? ಆದರೆ ಸೊನ್ನೆ ಎಂದರೆ ‘ಹುಡುಕಿದೆವು, ಒಂದೂ ಸಿಗಲಿಲ್ಲ’ ಎಂದರ್ಥ. ಖಾಲಿ ಜಾಗಕ್ಕೆ ‘ನಾವು ಹುಡುಕಲೇ ಇಲ್ಲ’ ಎಂಬ ಅರ್ಥ ಇರಬಹುದು. ‘ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ’ ಎಂಬ ಅರ್ಥವೂ ಇರಬಹುದು. ಎಲ್ಲಕ್ಕಿಂತ ಕೆಟ್ಟದ್ದು ಹುಡುಕದೆಯೇ ಸುಮ್ನೆ ಸೊನ್ನೆ ಬರೆದುಬಿಡುವುದು. ಆ ಒಂದು ಅಂಕೆಯನ್ನು ಓದಿದವರು ಆ ಕಡಲಲ್ಲಿ ತೊಂದರೆಯೇ ಇಲ್ಲ ಎಂದು ನಂಬುತ್ತಾರೆ.

ತಿಮಿಂಗಿಲ ಮತ್ತು ಡಾಲ್ಫಿನ್‌ಗಳ ಮೇಲೆ ನಡೆದ ಸಂಶೋಧನೆಯ ಬಗ್ಗೆ ಹಲವು ದೇಶಗಳು ಪ್ರತಿ ವರ್ಷ ಇಂಥ ವರದಿ ಕೊಡುತ್ತವೆ. ನೋಡಲು ಅದು ಕೋಷ್ಟಕಗಳ ಕಂತೆ. ಪತ್ರಿಕೆಗಳಲ್ಲಿ ಅದರ ಸುದ್ದಿ ಬರುವುದೇ ಅಪರೂಪ. ಆದರೆ ಯಾವ ಜಾತಿಗೆ ಯಾವ ಕಡಲಿನಲ್ಲಿ ಅಪಾಯವಿದೆ ಎಂದು ಹೇಳಬೇಕಾದರೆ ವಿಜ್ಞಾನಿಗಳು ಮೊದಲು ಕೈ ಹಾಕುವುದು ಇಂಥ ಕೋಷ್ಟಕಗಳಿಗೇ. ಅದಕ್ಕೇ ಇವುಗಳನ್ನು ಓದುವುದು ಹೇಗೆ, ಇವು ಸುಳ್ಳಾದಾಗ ಏನಾಯಿತು ಎಂದು ಬಿಡಿಸಿ ಹೇಳುವ ಆಸೆ ನನಗೆ.

ವರದಿ ಯಾರಿಗೆ?

1946ರ ಡಿಸೆಂಬರ್ 2ರಂದು ವಾಷಿಂಗ್ಟನ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ತಿಮಿಂಗಿಲ ಬೇಟೆಗೆ ಕಟ್ಟುಪಾಡು ಹಾಕುವ ಒಪ್ಪಂದ ಅದು. ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗ ಹುಟ್ಟಿದ್ದು ಅದರಿಂದಲೇ. ಬೇಟೆಯ ಅಂಕಿಅಂಶಗಳನ್ನು ತಡಮಾಡದೆ ಕಳಿಸಬೇಕು ಎಂದು ಒಪ್ಪಂದದ 7ನೇ ವಿಧಿ ಹೇಳುತ್ತದೆ. ಕಳಿಸಬೇಕಾದ ವಿಳಾಸವನ್ನೂ ಅದರಲ್ಲೇ ಬರೆದಿದ್ದಾರೆ: ನಾರ್ವೆಯ ಸಾಂಡೆಫ್ಯೋರ್ಡ್ ಪಟ್ಟಣದ ಅಂಕಿಅಂಶ ಕಚೇರಿ. ಸಾಂಡೆಫ್ಯೋರ್ಡ್ ಅಂದಿನ ತಿಮಿಂಗಿಲ ಬೇಟೆಯ ದೊಡ್ಡ ಕೇಂದ್ರ. ತಿಮಿಂಗಿಲಗಳ ಬಗ್ಗೆ ಇರುವ ವೈಜ್ಞಾನಿಕ ಮಾಹಿತಿಯನ್ನು ಸಾಧ್ಯವಾದ ಮಟ್ಟಿಗೆ ವರ್ಷಕ್ಕೊಮ್ಮೆಯಾದರೂ ಕೊಡಬೇಕು ಎನ್ನುವುದು 8ನೇ ವಿಧಿ.

ಆಗಿನ ಲೆಕ್ಕ ಬೇಟೆಯದು. ಎಷ್ಟು ಹಿಡಿದಿರಿ, ಉದ್ದ ಎಷ್ಟು, ಗಂಡೋ ಹೆಣ್ಣೋ, ಹೊಟ್ಟೆಯಲ್ಲಿ ಮರಿ ಇತ್ತೋ ಇಲ್ಲವೋ ಎಂದೆಲ್ಲ ಬರೆಯಬೇಕಿತ್ತು. ವ್ಯಾಪಾರಕ್ಕಾಗಿ ತಿಮಿಂಗಿಲ ಹಿಡಿಯುವುದನ್ನು ನಿಲ್ಲಿಸಬೇಕೆಂದು ಆಯೋಗ 1982ರಲ್ಲಿ ತೀರ್ಮಾನಿಸಿತು. 1985–86ರ ಋತುವಿನಿಂದ ಅದು ಜಾರಿಗೆ ಬಂತು. ಅಲ್ಲಿಂದ ಮುಂದೆ ವರದಿಯ ಸ್ವರೂಪವೇ ಬದಲಾಯಿತು. ಎಷ್ಟು ಕೊಲ್ಲಬಹುದು ಎಂಬ ಪ್ರಶ್ನೆ ಹಿಂದೆ ಸರಿದು, ಎಷ್ಟು ಉಳಿದಿವೆ, ಉಳಿದವು ಯಾಕೆ ಸಾಯುತ್ತಿವೆ ಎಂಬ ಪ್ರಶ್ನೆ ಮುಂದೆ ಬಂತು.

ಈಗ ಆಯೋಗದಲ್ಲಿ 80ಕ್ಕೂ ಹೆಚ್ಚು ದೇಶಗಳಿವೆ. ಆಯೋಗ ಎರಡು ವರ್ಷಕ್ಕೊಮ್ಮೆ ಸೇರುತ್ತದೆ, ಅದರ ವಿಜ್ಞಾನ ಸಮಿತಿ ಮಾತ್ರ ಪ್ರತಿ ವರ್ಷವೂ ಸೇರುತ್ತದೆ. ದೇಶಗಳ ವರದಿ ಹೋಗುವುದು ಈ ಸಮಿತಿಯ ಮುಂದೆ. ಅದರಲ್ಲಿ ಸಮುದ್ರದಲ್ಲಿ ಕಂಡವುಗಳ ಲೆಕ್ಕ ಇರುತ್ತದೆ. ಫೋಟೊ ತೆಗೆದು ಗುರುತಿಸಿದವು, ಉಪಗ್ರಹ ಟ್ಯಾಗ್ ಹಾಕಿದವು, ಚರ್ಮದ ಚೂರು ತೆಗೆದು ಪರೀಕ್ಷಿಸಿದವು ಬೇರೆ ಬೇರೆ ಅಂಕಣಗಳಲ್ಲಿ ಬರುತ್ತವೆ. ಬಲೆಗೆ ಸಿಕ್ಕಿ ಸತ್ತವು, ಹಡಗು ಬಡಿದವು, ದಡಕ್ಕೆ ಬಂದು ಬಿದ್ದವು ಎಷ್ಟೆಂದು ಬರೆಯಬೇಕು. ಪ್ರಕಟವಾದ ಸಂಶೋಧನಾ ಲೇಖನಗಳ ಪಟ್ಟಿಯನ್ನೂ ಕೊಡಬೇಕು. ಯುರೋಪಿನಲ್ಲಿ ಇದಕ್ಕೆ ಜೊತೆಯಾಗಿ ಇನ್ನೆರಡು ಒಪ್ಪಂದಗಳಿವೆ. ಬಾಲ್ಟಿಕ್ ಮತ್ತು ಉತ್ತರ ಸಮುದ್ರದ ಕಡೆಗೆ ಆಸ್ಕೊಬಾನ್ಸ್, ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರದ ಕಡೆಗೆ ಆಕೋಬಾಮ್ಸ್. ಇವೂ ತಮ್ಮ ಸದಸ್ಯ ದೇಶಗಳಿಂದ ವರದಿ ಕೇಳುತ್ತವೆ.

ಒಂದು ದೇಶ ತನ್ನ ಪಾಡಿಗೆ ತಾನು ಲೆಕ್ಕ ಇಟ್ಟುಕೊಂಡರೆ ಸಾಲದೇ? ಸಾಲದು. ಹಂಪ್‌ಬ್ಯಾಕ್ ತಿಮಿಂಗಿಲವನ್ನೇ ನೋಡಿ. ಬೇಸಿಗೆಯಲ್ಲಿ ಧ್ರುವದ ಕಡೆಯ ತಣ್ಣೀರಿನಲ್ಲಿ ತಿಂದು ಕೊಬ್ಬುತ್ತದೆ. ಚಳಿಗಾಲದಲ್ಲಿ ಸಾವಿರಾರು ಕಿಲೋಮೀಟರ್ ಈಜಿ ಉಷ್ಣವಲಯದ ಬೆಚ್ಚನೆ ನೀರಿಗೆ ಬಂದು ಮರಿ ಹಾಕುತ್ತದೆ. ಒಂದೇ ಪ್ರಾಣಿ ಒಂದೇ ವರ್ಷದಲ್ಲಿ ಹಲವು ದೇಶಗಳ ಕಡಲು ದಾಟುತ್ತದೆ. ಮರಿ ಕಂಡಿದ್ದು ಒಬ್ಬರ ಪುಸ್ತಕದಲ್ಲಿ, ತಾಯಿ ಬಲೆಗೆ ಸಿಕ್ಕಿದ್ದು ಇನ್ನೊಬ್ಬರ ಪುಸ್ತಕದಲ್ಲಿ ಇದ್ದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ಬೇಕು.

ನೀರೊಳಗೆ ಇರುವುದನ್ನು ಎಣಿಸುವುದು

ತಿಮಿಂಗಿಲ ಎಣಿಸುವುದು ಮಂದೆಯ ಕುರಿ ಎಣಿಸಿದಂತಲ್ಲ. ಸ್ಪರ್ಮ್ ತಿಮಿಂಗಿಲ ಒಮ್ಮೆ ಮುಳುಗಿದರೆ ಮುಕ್ಕಾಲು ಗಂಟೆ ಮೇಲೆ ಬಾರದಿರಬಹುದು. ಅಷ್ಟರಲ್ಲಿ ಹಡಗು ಮುಂದೆ ಹೋಗಿರುತ್ತದೆ. ಹಾಗಾಗಿ ಸರ್ವೆ ಮಾಡುವವರು ಮೊದಲೇ ನಕ್ಷೆಯ ಮೇಲೆ ಗೆರೆಗಳನ್ನು ಎಳೆದುಕೊಂಡು ಅದೇ ಗೆರೆಯ ಮೇಲೆ ಹಡಗು ಅಥವಾ ವಿಮಾನ ಓಡಿಸುತ್ತಾರೆ. ತಿಮಿಂಗಿಲ ಕಂಡ ಕೂಡಲೇ ಅದು ಗೆರೆಯಿಂದ ಎಷ್ಟು ದೂರದಲ್ಲಿದೆ ಎಂದು ಬರೆದುಕೊಳ್ಳುತ್ತಾರೆ. ಹತ್ತಿರದಲ್ಲಿ ಇರುವವು ಜಾಸ್ತಿ ಕಾಣುತ್ತವೆ, ದೂರ ಹೋದಂತೆ ಕಡಿಮೆ ಕಾಣುತ್ತವೆ. ಆ ಇಳಿಕೆಯ ಪ್ರಮಾಣ ಗೊತ್ತಾದರೆ, ಕಣ್ಣಿಗೆ ಬೀಳದೆ ಹೋದವು ಸುಮಾರು ಎಷ್ಟಿರಬಹುದು ಎಂದು ಲೆಕ್ಕ ಹಾಕಬಹುದು. ಗೆರೆಯ ಮೇಲೇ ಇದ್ದೂ ನೀರೊಳಗೆ ಮುಳುಗಿದ್ದವಕ್ಕೆ ಬೇರೆ ಲೆಕ್ಕ ಇದೆ.

ಹೀಗಾಗಿ ವರದಿಯಲ್ಲಿ ‘10 ತಿಮಿಂಗಿಲ ಕಂಡವು’ ಎಂದು ಮಾತ್ರ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. 100 ಕಿಲೋಮೀಟರ್ ಓಡಾಡಿ 10 ಕಂಡವೋ, 1,000 ಕಿಲೋಮೀಟರ್ ಓಡಾಡಿ 10 ಕಂಡವೋ? ಅಂದು ಅಲೆ ಎಷ್ಟಿತ್ತು? ಮಂಜು ಇತ್ತೇ? ಎಷ್ಟು ಜನ ನೋಡುತ್ತಿದ್ದರು? ಎಷ್ಟು ಹುಡುಕಿದೆವು ಎನ್ನುವುದು, ಎಷ್ಟು ಸಿಕ್ಕವು ಎನ್ನುವಷ್ಟೇ ಮುಖ್ಯ. ನಾನಂತೂ ಯಾವ ವರದಿ ಸಿಕ್ಕಿದರೂ ಮೊದಲು ಹುಡುಕುವುದು ಈ ಮಾಹಿತಿಯನ್ನೇ.

ಇದು ಎಷ್ಟು ಕಷ್ಟದ ಕೆಲಸ ಎನ್ನುವುದಕ್ಕೆ ಅಂಟಾರ್ಕ್ಟಿಕದ ಮಿಂಕೆ ತಿಮಿಂಗಿಲ ಒಳ್ಳೆಯ ಉದಾಹರಣೆ. 1985–86ರಿಂದ 1990–91ರವರೆಗಿನ ಸರ್ವೆಗಳಿಂದ ಸುಮಾರು 7,20,000 ಎಂಬ ಅಂದಾಜು ಬಂತು. 1992–93ರಿಂದ 2003–04ರವರೆಗಿನ ಸರ್ವೆಗಳಿಂದ ಸುಮಾರು 5,15,000. ಈ ಸಂಖ್ಯೆಗಳನ್ನು ವಿಜ್ಞಾನ ಸಮಿತಿ ಒಪ್ಪಿಕೊಂಡಿದ್ದು 2012ರಲ್ಲಿ! ನಡುವಿನ ವರ್ಷಗಳೆಲ್ಲ ವಾದದಲ್ಲೇ ಕಳೆದವು. ನಿಜವಾಗಿಯೂ ಕಡಿಮೆಯಾದವೇ, ಅಥವಾ ಹಡಗು ಹೋಗಲಾಗದ ಮಂಜುಗಡ್ಡೆಯ ನಡುವೆ ಹೆಚ್ಚು ಇದ್ದವೇ, ಲೆಕ್ಕದ ವಿಧಾನದಲ್ಲೇ ತಪ್ಪಿತ್ತೇ ಎಂದು ಚರ್ಚೆ. ಇಷ್ಟು ನಿಧಾನ ಯಾಕೆ ಎಂದು ಬೇಸರಪಡುವವರಿದ್ದಾರೆ. ನನಗೆ ಈ ನಿಧಾನದ ಬಗ್ಗೆ ಗೌರವವಿದೆ. ಸಾವಿರಾರು ಜೀವಗಳ ಹಣೆಬರಹ ನಿಲ್ಲುವುದು ಈ ಸಂಖ್ಯೆಯ ಮೇಲೆ.

ಉತ್ತರ ಸಮುದ್ರದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಲ್ಲಿ ಡಾಲ್ಫಿನ್‌ನ ಹತ್ತಿರದ ಬಂಧು, ಪಾರ್ಪಾಯಿಸ್ ಎಂಬ ಪುಟ್ಟ ಪ್ರಾಣಿ ಇದೆ. 1994ರಲ್ಲಿ ಹಲವು ದೇಶಗಳು ಸೇರಿ ಸ್ಕ್ಯಾನ್ಸ್ ಎಂಬ ದೊಡ್ಡ ಸರ್ವೆ ಮಾಡಿದವು. 2005ರಲ್ಲಿ ಮತ್ತೆ ಮಾಡಿದವು. ಮೊದಲ ಸಲ ಪಾರ್ಪಾಯಿಸ್‌ಗಳು ಹೆಚ್ಚಾಗಿ ವಾಯವ್ಯ ಭಾಗದಲ್ಲಿ ಕಂಡಿದ್ದವು. ಎರಡನೇ ಸಲ ದಕ್ಷಿಣದಲ್ಲಿ ಜಾಸ್ತಿ ಕಂಡವು. ಒಟ್ಟು ಸಂಖ್ಯೆಯಲ್ಲಿ ದೊಡ್ಡ ಬದಲಾವಣೆ ಇರಲಿಲ್ಲ. ಉತ್ತರದ ದೇಶವೊಂದು ತನ್ನ ಕಡಲನ್ನು ಮಾತ್ರ ನೋಡಿದ್ದರೆ ‘ಅಯ್ಯೋ, ಸತ್ತುಹೋದವು’ ಎಂದು ಬರೆಯುತ್ತಿತ್ತು. ದಕ್ಷಿಣದ ದೇಶ ‘ನಮ್ಮಲ್ಲಿ ಚೆನ್ನಾಗಿ ಬೆಳೆದಿವೆ’ ಎಂದು ಬರೆಯುತ್ತಿತ್ತು. ಇಬ್ಬರ ಮಾತೂ ತಪ್ಪಾಗುತ್ತಿತ್ತು. ಪಾರ್ಪಾಯಿಸ್‌ಗಳು ಜಾಗ ಬದಲಿಸಿದ್ದವು, ಅಷ್ಟೆ.

ಬಾಲ್ಟಿಕ್ ಸಮುದ್ರದಲ್ಲಿ ಪಾರ್ಪಾಯಿಸ್‌ಗಳು ಎಷ್ಟು ವಿರಳವೆಂದರೆ ಕಣ್ಣಿಂದ ನೋಡಿ ಎಣಿಸುವ ಮಾತೇ ಇಲ್ಲ. ಅದಕ್ಕೆ ಅಲ್ಲಿನ ಎಂಟು ದೇಶಗಳು ಬೇರೆ ದಾರಿ ಹಿಡಿದವು. 2011ರಿಂದ 2013ರವರೆಗೆ 304 ಜಾಗಗಳಲ್ಲಿ ಒಂದೇ ಬಗೆಯ ಧ್ವನಿಗ್ರಾಹಕಗಳನ್ನು ನೀರಿಗಿಳಿಸಿದವು. ಪಾರ್ಪಾಯಿಸ್ ದಾರಿ ಹುಡುಕಲು ಹೊರಡಿಸುವ ಟಿಕ್ ಟಿಕ್ ಸದ್ದನ್ನು ಅವು ಹಗಲೂ ರಾತ್ರಿ ಕೇಳಿಸಿಕೊಂಡವು. ಇಡೀ ಬಾಲ್ಟಿಕ್‌ನ ಒಳಭಾಗದಲ್ಲಿ ಇರುವುದು ಕೇವಲ 500ರಷ್ಟು ಎಂದು ಗೊತ್ತಾಯಿತು. ಎಂಟು ದೇಶಗಳು ಎಂಟು ಬಗೆಯ ಉಪಕರಣ ಹಾಕಿದ್ದರೆ ಈ ಸಂಖ್ಯೆ ಸಿಗುತ್ತಲೇ ಇರಲಿಲ್ಲ. ಎಲ್ಲರಿಗೂ ಒಂದೇ ಫಾರಂ, ಒಂದೇ ಅಳತೆ ಎಂದು ಹಟ ಹಿಡಿಯುವುದು ಇದಕ್ಕೇ.

ಸತ್ತವು ಹೇಳುವ ಕತೆ

ಜಗತ್ತಿನಲ್ಲಿ ಪ್ರತಿ ವರ್ಷ 3 ಲಕ್ಷಕ್ಕೂ ಹೆಚ್ಚು ತಿಮಿಂಗಿಲ, ಡಾಲ್ಫಿನ್, ಪಾರ್ಪಾಯಿಸ್‌ಗಳು ಮೀನಿನ ಬಲೆಗೆ ಸಿಕ್ಕಿ ಸಾಯುತ್ತವೆ ಎಂಬ ಅಂದಾಜಿದೆ. ಯಾರೂ ಬೇಕೆಂದು ಹಿಡಿದವಲ್ಲ. ಇವೂ ನಮ್ಮಂತೆ ಗಾಳಿ ಉಸಿರಾಡುವ ಪ್ರಾಣಿಗಳು. ಬಲೆಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ಉಸಿರುಕಟ್ಟಿ ಸಾಯುತ್ತವೆ. ವರದಿಯಲ್ಲಿ ಅತ್ಯಂತ ಅಗತ್ಯವಾದ ಅಂಕಣ ಇದೇ. ಅತ್ಯಂತ ದುರ್ಬಲವಾದದ್ದೂ ಇದೇ. ಮೀನುಗಾರ ತಾನಾಗಿ ಹೇಳಿದರೆ ಮಾತ್ರ ಗೊತ್ತಾಗುತ್ತದೆ ಎಂದಾದರೆ ಸಂಖ್ಯೆ ಕಡಿಮೆಯೇ ಬರುತ್ತದೆ. ದೋಣಿಯಲ್ಲಿ ವೀಕ್ಷಕರೋ ಕ್ಯಾಮೆರಾವೋ ಇದ್ದರೆ ನಿಜದ ಹತ್ತಿರ ಬರುತ್ತದೆ. ಹೀಗಾಗಿ ಒಂದು ದೇಶದ ಸಂಖ್ಯೆ ದೊಡ್ಡದಾಗಿದೆ ಎಂದ ಮಾತ್ರಕ್ಕೆ ಅಲ್ಲಿ ಜಾಸ್ತಿ ಸಾಯುತ್ತಿವೆ ಎಂದಲ್ಲ. ಅವರು ಪ್ರಾಮಾಣಿಕವಾಗಿ ಎಣಿಸಿರಬಹುದು. ಹಾಗೆ ಎಣಿಸಿದವರನ್ನೇ ಬೈದರೆ ಮುಂದಿನ ವರ್ಷದಿಂದ ಯಾರೂ ಎಣಿಸುವುದಿಲ್ಲ.

ಸಾವಿನ ಸಂಖ್ಯೆ ಸಿಕ್ಕ ಮೇಲೆ ಅದು ದೊಡ್ಡದೋ ಚಿಕ್ಕದೋ ಎಂದು ತೀರ್ಮಾನಿಸುವುದು ಹೇಗೆ? ಅಮೆರಿಕದವರು ತಮ್ಮ ಕಡಲ ಸಸ್ತನಿ ಕಾಯ್ದೆಯಡಿ ಒಂದು ಸರಳ ಸೂತ್ರ ಬಳಸುತ್ತಾರೆ. ಒಂದು ಕಡಲಿನಲ್ಲಿ ಕನಿಷ್ಠ 10,000 ಡಾಲ್ಫಿನ್‌ಗಳಿವೆ ಅಂದುಕೊಳ್ಳಿ. ಇಂಥ ಪ್ರಾಣಿಗಳ ಸಂಖ್ಯೆ ವರ್ಷಕ್ಕೆ ಹೆಚ್ಚೆಂದರೆ 4%ರಷ್ಟು ಬೆಳೆಯುತ್ತದೆ ಎಂದಿಟ್ಟುಕೊಂಡು, ಅದರ ಅರ್ಧ, ಅಂದರೆ 2% ತೆಗೆದುಕೊಳ್ಳುತ್ತಾರೆ. 200 ಆಯಿತು. ಅದನ್ನು ಇನ್ನೊಂದು ಎಚ್ಚರಿಕೆಯ ಅಂಕೆಯಿಂದ ಗುಣಿಸುತ್ತಾರೆ. ಆ ಜಾತಿ ಅಳಿವಿನಂಚಿನಲ್ಲಿದ್ದರೆ ಆ ಅಂಕೆ 0.1. ಆಗ ಉಳಿಯುವುದು 20. ಮನುಷ್ಯರಿಂದಾಗುವ ಸಾವು ವರ್ಷಕ್ಕೆ ಅದನ್ನು ಮೀರಬಾರದು. ಬಾಲ್ಟಿಕ್ ಮತ್ತು ಉತ್ತರ ಸಮುದ್ರದ ಪಾರ್ಪಾಯಿಸ್‌ಗೆ ಆಸ್ಕೊಬಾನ್ಸ್ ಇಟ್ಟುಕೊಂಡಿರುವ ಮಿತಿ ಒಟ್ಟು ಸಂಖ್ಯೆಯ 1.7%. ಗಮನಿಸಿ, ಎರಡರಲ್ಲೂ ಮೊದಲು ಬೇಕಾಗುವುದು ಒಟ್ಟು ಎಷ್ಟಿವೆ ಎನ್ನುವ ಸಂಖ್ಯೆ. ಅದಿಲ್ಲದಿದ್ದರೆ ಸಾವಿನ ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ಅದು ಹೆಚ್ಚೋ ಕಡಿಮೆಯೋ ಹೇಳಲಾಗುವುದಿಲ್ಲ.

ದಡಕ್ಕೆ ಬಂದು ಬೀಳುವ ಕಳೇಬರಗಳ ಲೆಕ್ಕ ಹಳೆಯದು. ಬ್ರಿಟನ್‌ನಲ್ಲಿ ಲಂಡನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 1913ರಿಂದಲೇ ಇದನ್ನು ದಾಖಲಿಸಲು ಶುರು ಮಾಡಿತು. ಒಂದು ಕಳೇಬರದಿಂದ ಎಷ್ಟು ತಿಳಿಯಬಹುದು ಎನ್ನುವುದಕ್ಕೆ ಲೂಲು ಎಂಬ ಓರ್ಕಾದ (ಡಾಲ್ಫಿನ್ ಕುಟುಂಬದ್ದೇ ಆದ ದೊಡ್ಡ ಬೇಟೆಗಾರ ಪ್ರಾಣಿ) ಕತೆ ಸಾಕು. ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ ಬೆರಳೆಣಿಕೆಯಷ್ಟೇ ಓರ್ಕಾಗಳ ಒಂದು ಗುಂಪಿತ್ತು. ಅದರಲ್ಲಿ ಲೂಲುವೂ ಒಂದು. 2016ರ ಜನವರಿಯಲ್ಲಿ ಟೈರೀ ದ್ವೀಪದ ದಡದಲ್ಲಿ ಅದು ಸತ್ತು ಬಿದ್ದಿತ್ತು. ಹಗ್ಗ ಸುತ್ತಿಕೊಂಡು ಸತ್ತಿತ್ತು. ಅಲ್ಲಿಗೇ ಬಿಟ್ಟಿದ್ದರೆ ಬಲೆ–ಹಗ್ಗದ ಅಂಕಣದಲ್ಲಿ 1 ಎಂದು ಸೇರಿ ಮುಗಿಯುತ್ತಿತ್ತು. ಆದರೆ ಅದರ ಕೊಬ್ಬನ್ನು ಪರೀಕ್ಷಿಸಿದರು. ಪಿಸಿಬಿ ಎಂಬ ಕೈಗಾರಿಕಾ ವಿಷ ಕಿಲೋಗೆ 957 ಮಿಲಿಗ್ರಾಂ ಇತ್ತು! ಇಂಥ ಪ್ರಾಣಿಗಳಲ್ಲಿ 9 ಮಿಲಿಗ್ರಾಂ ದಾಟಿದರೇ ತೊಂದರೆ ಶುರುವಾಗುತ್ತದೆ ಎನ್ನುತ್ತಾರೆ. ಲೂಲುವಿಗೆ 20 ವರ್ಷ ದಾಟಿತ್ತು. ಅದರ ಅಂಡಾಶಯ ನೋಡಿದರೆ ಒಮ್ಮೆಯೂ ಮರಿ ಹಾಕಿದ ಲಕ್ಷಣ ಇರಲಿಲ್ಲ. ಪಿಸಿಬಿ ಬಳಕೆಯನ್ನು ಎಷ್ಟೋ ದಶಕಗಳ ಹಿಂದೆಯೇ ನಿಷೇಧಿಸಿದ್ದರು. ಆ ಗುಂಪಿನಲ್ಲಿ ಮರಿಗಳು ಯಾಕೆ ಹುಟ್ಟುತ್ತಿಲ್ಲ ಎಂಬ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದ್ದು ಹೀಗೆ, ಸತ್ತ ಒಂದು ಪ್ರಾಣಿಯನ್ನು ಸುಮ್ಮನೆ ಹೂಳದೆ ಪರೀಕ್ಷಿಸಿದ್ದರಿಂದ.

ಸುಳ್ಳು ವರದಿಯ ಬೆಲೆ

ಈಗ ನನ್ನನ್ನು ಹೆಚ್ಚು ಕಾಡುವ ಭಾಗಕ್ಕೆ ಬರುತ್ತೇನೆ. ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಸೋವಿಯತ್ ಒಕ್ಕೂಟ ದಕ್ಷಿಣಾರ್ಧ ಗೋಳದಲ್ಲಿ ಹಿಡಿದ ಹಂಪ್‌ಬ್ಯಾಕ್‌ಗಳೆಷ್ಟು? ಅವರು ವರದಿ ಮಾಡಿದ್ದು 2,710. ನಿಜವಾಗಿ ಕೊಂದಿದ್ದು 48,000ಕ್ಕೂ ಹೆಚ್ಚು.

1959–60 ಮತ್ತು 1960–61ರ ಎರಡೇ ಋತುಗಳಲ್ಲಿ ಸುಮಾರು 25,000 ಹಂಪ್‌ಬ್ಯಾಕ್‌ಗಳನ್ನು ಕೊಂದಿದ್ದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ದಡದಲ್ಲಿದ್ದ ಬೇಟೆ ಕೇಂದ್ರಗಳಿಗೆ ತಿಮಿಂಗಿಲಗಳೇ ಬರದಂತಾಯಿತು. ಅಲ್ಲಿನ ವಿಜ್ಞಾನಿಗಳು ತಮ್ಮ ಲೆಕ್ಕವನ್ನು ಮತ್ತೆ ಮತ್ತೆ ನೋಡಿದರು. ವರದಿಯಾದ ಬೇಟೆಗೆ ಇಷ್ಟು ದೊಡ್ಡ ಕುಸಿತ ಹೊಂದುತ್ತಲೇ ಇರಲಿಲ್ಲ. ಹೊಂದುವುದಾದರೂ ಹೇಗೆ? ಕೈಯಲ್ಲಿದ್ದ ಸಂಖ್ಯೆಯೇ ಸುಳ್ಳಾಗಿತ್ತು.

ಸತ್ಯ ಹೊರಬಂದಿದ್ದು 1993ರಲ್ಲಿ. ರಷ್ಯಾದ ಜೀವವಿಜ್ಞಾನಿ ಅಲೆಕ್ಸಿ ಯಾಬ್ಲೊಕೊವ್ ಅದನ್ನು ಬಹಿರಂಗವಾಗಿ ಹೇಳಿದರು. ಜಗತ್ತಿಗೆ ಕೊಟ್ಟ ವರದಿ ಒಂದು, ಒಳಗೆ ಇಟ್ಟುಕೊಂಡ ಲೆಕ್ಕ ಇನ್ನೊಂದು. ಹಡಗುಗಳಲ್ಲಿ ಇದ್ದ ಜೀವವಿಜ್ಞಾನಿಗಳು ನಿಜವಾದ ಅಂಕಿಅಂಶ ಬರೆದಿಟ್ಟಿದ್ದರು. ಅವರಲ್ಲಿ ಡಿಮಿಟ್ರಿ ಟೊರ್ಮೊಸೊವ್ ಒಬ್ಬರು. ನಾಶವಾಗಬೇಕಿದ್ದ ಸಾವಿರಾರು ದಾಖಲೆ ಹಾಳೆಗಳನ್ನು ಅವರು ವರ್ಷಗಟ್ಟಲೆ ಬಚ್ಚಿಟ್ಟು ಕಾಪಾಡಿದರು. ಹಾಗೆ ಉಳಿದ ಕಾಗದಗಳಿಂದ ನಿಜವಾದ ಇತಿಹಾಸವನ್ನು ಮತ್ತೆ ಕಟ್ಟಲಾಯಿತು. ಸೋವಿಯತ್ ಹಡಗುಗಳು ವರದಿ ಮಾಡದೆ ಮುಚ್ಚಿಟ್ಟ ತಿಮಿಂಗಿಲಗಳು ಒಟ್ಟು ಸುಮಾರು 1,80,000. ನಾವು ಇಂದು ಹಂಪ್‌ಬ್ಯಾಕ್‌ಗಳ ಹಳೆಯ ಸಂಖ್ಯೆಯ ಬಗ್ಗೆ ಮಾತಾಡುವಾಗಲೆಲ್ಲ ಆ ಮನುಷ್ಯರ ಧೈರ್ಯಕ್ಕೆ ಋಣಿಯಾಗಿದ್ದೇವೆ.

‘ಸಂಶೋಧನೆ’ ಎಂಬ ಪದವನ್ನೇ ಬೇರೆ ರೀತಿಯಲ್ಲಿ ಬಳಸಿದ್ದೂ ಉಂಟು. ವಿಜ್ಞಾನಕ್ಕಾಗಿ ತಿಮಿಂಗಿಲ ಕೊಲ್ಲಲು ಒಂದು ದೇಶ ತನಗೆ ತಾನೇ ಪರವಾನಗಿ ಕೊಟ್ಟುಕೊಳ್ಳಬಹುದು ಎಂದು 8ನೇ ವಿಧಿ ಹೇಳುತ್ತದೆ. ಅದರ ಅಡಿಯಲ್ಲಿ ಜಪಾನ್ ಅಂಟಾರ್ಕ್ಟಿಕದಲ್ಲಿ ನಡೆಸುತ್ತಿದ್ದ ಯೋಜನೆಯ ವಿರುದ್ಧ ಆಸ್ಟ್ರೇಲಿಯಾ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2014ರ ಮಾರ್ಚ್ 31ರಂದು ತೀರ್ಪು ಬಂತು. ಸುಮಾರು 3,600 ಮಿಂಕೆ ತಿಮಿಂಗಿಲಗಳನ್ನು ಕೊಂದಿದ್ದಕ್ಕೆ ಹೋಲಿಸಿದರೆ ಹೊರಬಂದ ವಿಜ್ಞಾನ ಬಹಳ ಕಡಿಮೆ ಎಂದ ನ್ಯಾಯಾಲಯ, ಆ ಪರವಾನಗಿಗಳನ್ನು ಸಂಶೋಧನೆಗಾಗಿ ಕೊಟ್ಟಿದ್ದು ಎನ್ನಲಾಗದು ಎಂದು 12–4ರ ಬಹುಮತದಿಂದ ಹೇಳಿತು. 2019ರಲ್ಲಿ ಜಪಾನ್ ಆಯೋಗವನ್ನೇ ಬಿಟ್ಟಿತು.

ಇಂದಿನ ವರದಿಗಳಲ್ಲೂ ಕೊರತೆಗಳಿವೆ. ಎಲ್ಲ ಸದಸ್ಯ ದೇಶಗಳೂ ಪ್ರತಿ ವರ್ಷ ಕಳಿಸುವುದಿಲ್ಲ. ಡಾಲ್ಫಿನ್, ಪಾರ್ಪಾಯಿಸ್‌ನಂಥ ಚಿಕ್ಕ ಜಾತಿಗಳು ಆಯೋಗದ ಅಧಿಕಾರಕ್ಕೆ ಬರುತ್ತವೋ ಇಲ್ಲವೋ ಎಂಬ ಬಗ್ಗೆ ದೇಶಗಳಲ್ಲಿ ಒಮ್ಮತವೇ ಇಲ್ಲ. ಹಾಗಾಗಿ ಅವುಗಳ ಲೆಕ್ಕ ಕೊಡುವುದು ಅವರವರ ಇಷ್ಟಕ್ಕೆ ಬಿಟ್ಟದ್ದು. ನನಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತದೆ. ಬಲೆಗೆ ಸಿಕ್ಕಿ ಸಾಯುವವುಗಳಲ್ಲಿ ಹೆಚ್ಚಿನವು ಈ ಚಿಕ್ಕವೇ. ಮೆಕ್ಸಿಕೋದ ವಾಕಿಟಾ ಎಂಬ ಪುಟ್ಟ ಪಾರ್ಪಾಯಿಸ್ 1997ರ ಸರ್ವೆಯಲ್ಲಿ ಸುಮಾರು 570 ಇತ್ತು. ಈಗ ಉಳಿದಿರುವುದು ಕೈಬೆರಳಲ್ಲಿ ಎಣಿಸುವಷ್ಟು. ಚೀನಾದ ಯಾಂಗ್ತ್ಸೆ ನದಿಯಲ್ಲಿ ಬೈಜಿ ಎಂಬ ಡಾಲ್ಫಿನ್‌ಗಾಗಿ 2006ರಲ್ಲಿ ಆರು ವಾರ ಹುಡುಕಿದರು. ಅಂದಿನ ವರದಿಯಲ್ಲಿ ಬಂದಿದ್ದು ನಿಜವಾದ ಸೊನ್ನೆ.

ಅರಬ್ಬಿ ಸಮುದ್ರದ ಒಂಟಿ ಗುಂಪು

ಸೋವಿಯತ್ ಹಡಗುಗಳ ಆ ಮುಚ್ಚಿಟ್ಟ ಹಾಳೆಗಳಲ್ಲಿ ಅರಬ್ಬಿ ಸಮುದ್ರದ ಪುಟಗಳೂ ಇದ್ದವು. 1965–66ರಲ್ಲಿ ಓಮಾನ್, ಪಾಕಿಸ್ತಾನ ಮತ್ತು ಭಾರತದ ಕರಾವಳಿಯಾಚೆ 242 ಹಂಪ್‌ಬ್ಯಾಕ್‌ಗಳನ್ನು ಅಕ್ರಮವಾಗಿ ಕೊಂದಿದ್ದರು. ಹೆಚ್ಚಿನವು 1966ರ ನವೆಂಬರ್‌ನಲ್ಲಿ. ಹಡಗಿನಲ್ಲಿದ್ದ ಜೀವವಿಜ್ಞಾನಿಗಳು ಒಂದೊಂದನ್ನೂ ಅಳೆದು, ಹೊಟ್ಟೆ ಸೀಳಿ ನೋಡಿ ಬರೆದುಕೊಂಡರು. ಆ ಬರಹ 1990ರ ದಶಕದಲ್ಲಿ ಪ್ರಕಟವಾದಾಗ ಒಂದು ವಿಚಿತ್ರ ಕಂಡಿತು. ಬೇರೆ ಕಡೆ ಬೆಚ್ಚನೆಯ ನೀರಿಗೆ ಬಂದ ಹಂಪ್‌ಬ್ಯಾಕ್‌ಗಳ ಹೊಟ್ಟೆ ಸಾಮಾನ್ಯವಾಗಿ ಖಾಲಿ ಇರುತ್ತದೆ. ಇಲ್ಲಿನವು ಚೆನ್ನಾಗಿ ತಿಂದಿದ್ದವು. ಹೊಟ್ಟೆಯಲ್ಲಿದ್ದ ಮರಿಗಳ ಅಳತೆ ಉತ್ತರಾರ್ಧ ಗೋಳದ ಕಾಲಚಕ್ರಕ್ಕೆ ಹೊಂದುತ್ತಿತ್ತು. ಅಂದರೆ ಇವು ಅಂಟಾರ್ಕ್ಟಿಕದಿಂದ ಬಂದವಲ್ಲ. ತಿನ್ನುವುದೂ ಇಲ್ಲೇ, ಮರಿ ಹಾಕುವುದೂ ಇಲ್ಲೇ. ಧ್ರುವದ ಕಡೆ ವಲಸೆ ಹೋಗದ ಗುಂಪು ಇದು.

ಯಾವ ವರದಿಯಲ್ಲೂ ಕಾಣಿಸದಂತೆ ಕೊಂದವರ ಕೈಬರಹವೇ, ಉಳಿದವುಗಳನ್ನು ಕಾಪಾಡಲು ಬೇಕಾದ ಪುರಾವೆಯಾಯಿತು. ಓಮಾನ್ ತೀರದಲ್ಲಿ ಬಾಲದ ಅಡಿಭಾಗದ ಫೋಟೊಗಳಿಂದ ಒಂದೊಂದನ್ನೂ ಗುರುತಿಸಿ ಎಣಿಸಿದಾಗ 2004ರ ಹೊತ್ತಿಗೆ ಸಿಕ್ಕ ಅಂದಾಜು 82. ಹಿಂದೆ ಕೊಂದಿದ್ದು 242.

2017ರ ನವೆಂಬರ್‌ನಲ್ಲಿ ಓಮಾನ್‌ನ ಮಸೀರಾ ಕೊಲ್ಲಿಯಲ್ಲಿ ಈ ಗುಂಪಿನ ಒಂದು ಹೆಣ್ಣಿಗೆ ಉಪಗ್ರಹ ಟ್ಯಾಗ್ ಹಾಕಿದರು. ಅದಕ್ಕೆ ಲುಬಾನ್ ಎಂದು ಹೆಸರು. ಅರಬ್ಬಿಯಲ್ಲಿ ಲುಬಾನ್ ಎಂದರೆ ಅಲ್ಲಿನ ಮರದಿಂದ ಬರುವ ಧೂಪದ ಅಂಟು. ಲುಬಾನ್ ಅರಬ್ಬಿ ಸಮುದ್ರವನ್ನು ಅಡ್ಡವಾಗಿ ಈಜಿ ಭಾರತದ ಪಶ್ಚಿಮ ಕರಾವಳಿಗೆ ಬಂತು. ಅಲ್ಲಿಂದ ತೀರದುದ್ದಕ್ಕೂ ದಕ್ಷಿಣದ ತುದಿಯವರೆಗೆ ಹೋಯಿತು. ಈ ಗುಂಪಿನ ಒಂದು ತಿಮಿಂಗಿಲ ಅರಬ್ಬಿ ಸಮುದ್ರ ದಾಟಿದ್ದನ್ನು ಉಪಗ್ರಹದ ಮೂಲಕ ಕಂಡಿದ್ದು ಅದೇ ಮೊದಲು. ವಾರ್ಷಿಕ ವರದಿಯ ಕೋಷ್ಟಕದಲ್ಲಿ ಇಂಥ ಪಯಣಕ್ಕೆ ಸಿಗುವುದು ಒಂದೇ ಸಾಲು: ಜಾತಿ, ಹಂಪ್‌ಬ್ಯಾಕ್. ಲಿಂಗ, ಹೆಣ್ಣು. ಹಾಕಿದ ಟ್ಯಾಗ್‌ಗಳ ಸಂಖ್ಯೆ, 1.